ಹದಿಹರೆಯದವರು ಓದಿ ಹೇಳುವ ಮಾತು

ವಾರಪತ್ರಿಕೆ ಮನೆಗೆ ಬಂದ ದಿನ ಅದನ್ನು ಮೊದಲು ಯಾರು ಓದಬೇಕೆಂಬುದು ಕನ್ನಡದ ಎಷ್ಟೋ ಸಂಸಾರಗಳಲ್ಲಿ ಸಿಹಿಯಾದ ಜಗಳದ ವಿಷಯ. ಧಾರಾವಾಹಿಯ ನಾಯಕಿ ತವರಿಗೆ ಹೊರಟುಬಿಟ್ಟಳೇ? ಗಂಡ ಅವಳನ್ನು ತಡೆಯಬೇಕಿತ್ತೇ? ಅತ್ತೆ ಆಡಿದ ಮಾತು ಸರಿಯೇ? ಇಂತಹ ಪ್ರಶ್ನೆಗಳು ಅಡಿಗೆಮನೆಯಲ್ಲಿ ಹುಟ್ಟಿ, ಜಗಲಿಯಲ್ಲಿ ಬೆಳೆದು, ನೆರೆಮನೆಯ ಹಿತ್ತಿಲವರೆಗೂ ಹಬ್ಬುತ್ತವೆ. ಓದುವುದು ಒಬ್ಬೊಬ್ಬರೇ ಮಾಡುವ ಕೆಲಸ. ಓದಿದ್ದನ್ನು ಕುರಿತು ಮಾತನಾಡುವುದು ನಾಲ್ವರು ಕೂಡಿ ಮಾಡುವ ಕೆಲಸ. ಕಥೆಯ ಸವಿ ಇಮ್ಮಡಿಯಾಗುವುದು ಈ ಎರಡನೆಯ ಕೆಲಸದಿಂದಲೇ.

ಆದರೆ ಅದೇ ಮನೆಯ ಹದಿನೈದು ವರ್ಷದ ಹುಡುಗನೋ ಹುಡುಗಿಯೋ ಮೂಲೆಯಲ್ಲಿ ಕುಳಿತು ಓದುತ್ತಿರುವ ಕಾದಂಬರಿಯ ವಿಷಯ ಬಂದಾಗ ಈ ಮಾತುಕತೆ ಥಟ್ಟನೆ ನಿಂತುಹೋಗುತ್ತದೆ. ಆಗ ಹಿರಿಯರ ಬಾಯಿಂದ ಬರುವುದು ಎರಡೇ ಪ್ರಶ್ನೆ: ಅದು ಪಾಠಕ್ಕೆ ಇಟ್ಟ ಪುಸ್ತಕವೋ? ಪರೀಕ್ಷೆ ಮುಗಿಯುವತನಕ ಅದನ್ನು ಎತ್ತಿಡಬಾರದೋ? ಪುಸ್ತಕದ ಹೆಸರೇನು, ಅದರಲ್ಲಿ ಯಾರಿದ್ದಾರೆ, ಅವರಿಗೆ ಏನಾಯಿತು ಎಂದು ಕೇಳುವವರು ವಿರಳ. ಓದಿದವರಿಗೆ ಏನನ್ನಿಸಿತು ಎಂದು ಕೇಳುವವರಂತೂ ಇನ್ನೂ ವಿರಳ.

ಈ ಮೌನದಿಂದ ಆಗುವ ನಷ್ಟ ಸಣ್ಣದಲ್ಲ. ಹದಿಹರೆಯದವರಿಗಾಗಿ ಹುಟ್ಟಿಕೊಂಡ ಕಾದಂಬರಿಗಳ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಪುಸ್ತಕಗಳನ್ನು ಬೆಳೆಸಿದವರು ವಿಮರ್ಶಕರಿಗಿಂತ ಹೆಚ್ಚಾಗಿ ಆ ವಯಸ್ಸಿನ ಓದುಗರೇ. ಅವರು ಆಡಿದ ಮಾತು ಪುಸ್ತಕವನ್ನು ಹುಟ್ಟಿಸಿದೆ, ಚಲನಚಿತ್ರವನ್ನು ಮಾಡಿಸಿದೆ, ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಎಲ್ಲೆಲ್ಲಿ ಹಿರಿಯರು ಆ ಮಾತಿಗೆ ಕಿವಿಗೊಟ್ಟರೋ ಅಲ್ಲಲ್ಲಿ ಓದು ಚಿಗುರಿದೆ.

ಆ ವಯಸ್ಸಿಗೊಂದು ಕಪಾಟು

ಹನ್ನೆರಡರಿಂದ ಹದಿನೆಂಟರ ನಡುವಣ ವಯಸ್ಸು ವಿಚಿತ್ರವಾದುದು. ಮಕ್ಕಳ ಕಥೆಯನ್ನು ಕೈಗಿತ್ತರೆ ಅವಮಾನವೆನ್ನಿಸುತ್ತದೆ. ದೊಡ್ಡವರ ಪುಸ್ತಕವನ್ನು ಹಿಡಿದರೆ 'ನಿನಗೇಕೆ ಅದು?' ಎಂಬ ಗದರಿಕೆ ಕೇಳಬೇಕಾಗುತ್ತದೆ. ಈ ನಡುಗಾಲದವರಿಗೂ ಗ್ರಂಥಾಲಯದಲ್ಲಿ ಒಂದು ಕಪಾಟು ಬೇಕೆಂದು ಮೊದಲು ಯೋಚಿಸಿದವರಲ್ಲಿ ಅಮೆರಿಕದ ಗ್ರಂಥಪಾಲಿಕೆಯರು ಮುಖ್ಯರು. ನ್ಯೂಯಾರ್ಕ್ ನಗರದ ಸಾರ್ವಜನಿಕ ಗ್ರಂಥಾಲಯವು ತರುಣರಿಗೆ ತಕ್ಕ ಪುಸ್ತಕಗಳ ಪಟ್ಟಿಯನ್ನು ೧೯೨೯ರಿಂದಲೇ ಪ್ರಕಟಿಸತೊಡಗಿತು. ಬಾಲ್ಟಿಮೋರ್ ನಗರದ ಈನಾಕ್ ಪ್ರಾಟ್ ಗ್ರಂಥಾಲಯದಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ಎಂಬಾಕೆ ಈ ಕಾರ್ಯವನ್ನು ಒಂದು ವ್ರತದಂತೆ ನಡೆಸಿದಳು. ೧೯೪೦ರ ದಶಕದಲ್ಲಿ ಕುದುರೆ ಗಾಡಿಯೊಂದರ ತುಂಬ ಪುಸ್ತಕಗಳನ್ನು ಹೇರಿಕೊಂಡು ಬಡವರ ಬೀದಿಗಳಿಗೆ ಹೋದವಳು ಆಕೆ. ಆಕೆಯ ಕೈಕೆಳಗೆ ದುಡಿಯುವವರಿಗೆ ಒಂದು ಕಟ್ಟುನಿಟ್ಟಿತ್ತು: ತಾವು ಓದದ ಪುಸ್ತಕವನ್ನು ಹುಡುಗರ ಮುಂದೆ ಹೊಗಳಬಾರದು. ಅವರು ಮೊದಲು ಓದಬೇಕು, ಓದಿದ್ದನ್ನು ಆಕೆಯ ಮುಂದೆ ಕುಳಿತು ಚರ್ಚಿಸಬೇಕು, ಆಮೇಲೆ ಶಾಲೆಗಳಿಗೆ ಹೋಗಿ ಆ ಪುಸ್ತಕದ ಮಾತು ಆಡಬೇಕು.

೧೯೪೨ರಲ್ಲಿ ಮೌರೀನ್ ಡೇಲಿ ಎಂಬ ಕಾಲೇಜು ವಿದ್ಯಾರ್ಥಿನಿಯ 'ಸೆವೆಂಟೀಂತ್ ಸಮರ್' ಪ್ರಕಟವಾಯಿತು. ವಿಸ್ಕಾನ್ಸಿನ್ ಪ್ರಾಂತದ ಸಣ್ಣ ಊರೊಂದರ ಹುಡುಗಿಯ ಒಂದು ಬೇಸಗೆಯ ಪ್ರೇಮಕಥೆ ಅದು. ೧೯೫೧ರಲ್ಲಿ ಜೆ. ಡಿ. ಸಾಲಿಂಜರ್ ದೊಡ್ಡವರಿಗಾಗಿ ಬರೆದ 'ದಿ ಕ್ಯಾಚರ್ ಇನ್ ದಿ ರೈ' ಕಾದಂಬರಿಯನ್ನು ತರುಣರು ತಮ್ಮದೆಂದು ಎತ್ತಿಕೊಂಡರು; ಯಾವ ಪಟ್ಟಿಯೂ ಅವರಿಗೆ ಹಾಗೆ ಹೇಳಿರಲಿಲ್ಲ. ೧೯೫೭ರ ಹೊತ್ತಿಗೆ ಅಮೆರಿಕದ ಗ್ರಂಥಾಲಯ ಸಂಘವು ಈ ವಯಸ್ಸಿನ ಓದುಗರ ಸೇವೆಗೆಂದೇ ಪ್ರತ್ಯೇಕ ವಿಭಾಗವೊಂದನ್ನು ತೆರೆಯಿತು. ಇಂಗ್ಲಿಷಿನವರು 'ಯಂಗ್ ಅಡಲ್ಟ್' ಎಂದು ಕರೆಯುವ ಸಾಹಿತ್ಯಕ್ಕೆ ಹೀಗೆ ಒಂದು ಮನೆಯಾಯಿತು. ಆದರೆ ಮನೆಯೊಳಗೆ ತುಂಬಬೇಕಾದ ಪುಸ್ತಕಗಳು ಇನ್ನೂ ಬರಬೇಕಾಗಿದ್ದವು.

ಟಲ್ಸಾ ಊರಿನ ಹುಡುಗಿ

ಓಕ್ಲಹೋಮ ಪ್ರಾಂತದ ಟಲ್ಸಾ ಊರಿನ ಪ್ರೌಢಶಾಲೆಯಲ್ಲಿ ಸೂಸನ್ ಎಲೊಯಿಸ್ ಹಿಂಟನ್ ಎಂಬ ಹುಡುಗಿ ಓದುತ್ತಿದ್ದಳು. ತನ್ನ ವಯಸ್ಸಿನವರಿಗೆಂದು ಕಪಾಟಿನಲ್ಲಿ ಇಟ್ಟಿದ್ದ ಪುಸ್ತಕಗಳ ಬಗ್ಗೆ ಆಕೆಗೆ ಖಚಿತವಾದ ಒಂದು ಅಭಿಪ್ರಾಯವಿತ್ತು: ಅವುಗಳಲ್ಲಿ ತನ್ನ ಶಾಲೆಯ ಬದುಕು ಎಲ್ಲಿಯೂ ಇಲ್ಲ. ಅವು ನೃತ್ಯಕೂಟಕ್ಕೆ ಯಾರ ಜೊತೆಗೆ ಹೋಗಬೇಕೆಂಬ ಚಿಂತೆಯ ಕಥೆಗಳು. ಇಲ್ಲವೇ ಕುದುರೆಯ ಕಥೆಗಳು. ಅವಳು ಕಾಣುತ್ತಿದ್ದುದು ಬೇರೆ. ಸಿರಿವಂತರ ಮಕ್ಕಳದೊಂದು ಗುಂಪು, ಬಡ ಬೀದಿಗಳ ಹುಡುಗರದೊಂದು ಗುಂಪು. ಎರಡರ ನಡುವೆ ಬಡಿದಾಟ. ಅವಳ ಸ್ನೇಹಿತನೊಬ್ಬ ಸಿನಿಮಾ ನೋಡಿ ಮನೆಗೆ ನಡೆದುಹೋಗುತ್ತಿದ್ದಾಗ ಏಟು ತಿಂದಿದ್ದ. ಅವನು ಮಾಡಿದ ತಪ್ಪೆಂದರೆ ಆ ಬಡ ಗುಂಪಿನವನಾಗಿ ಕಂಡದ್ದು.

ಆ ಸಿಟ್ಟಿನಲ್ಲಿ ಅವಳು ಬರೆಯತೊಡಗಿದಳು. ಆಗ ಅವಳಿಗೆ ಹದಿನೈದು ವರ್ಷ. ಸ್ವಾರಸ್ಯವೆಂದರೆ, ಆ ಕಾದಂಬರಿಯನ್ನು ಬರೆಯುತ್ತಿದ್ದ ವರ್ಷವೇ ಶಾಲೆಯಲ್ಲಿ ಸೃಜನಶೀಲ ಬರವಣಿಗೆಯ ವಿಷಯದಲ್ಲಿ ಅವಳಿಗೆ ಅತಿ ಕಡಮೆ ದರ್ಜೆ ಬಂದಿತು. 'ದಿ ಔಟ್‌ಸೈಡರ್ಸ್' ಎಂಬ ಆ ಕೃತಿ ೧೯೬೭ರಲ್ಲಿ ಪ್ರಕಟವಾದಾಗ ಅವಳಿನ್ನೂ ಹದಿನೆಂಟು ತುಂಬಿದ ಹುಡುಗಿ. ಹುಡುಗರ ಹೊಡೆದಾಟದ ಕಥೆಯನ್ನು ಹೆಣ್ಣುಮಗಳು ಬರೆದಳೆಂದರೆ ವಿಮರ್ಶಕರು ಹಗುರವಾಗಿ ಕಂಡಾರೆಂದು ಪ್ರಕಾಶಕರು ಅಂಜಿದರು, ಹೆಸರು ಎಸ್. ಇ. ಹಿಂಟನ್ ಎಂದಷ್ಟೇ ಅಚ್ಚಾಯಿತು. ಹದಿನಾಲ್ಕರ ಪೋನಿಬಾಯ್, ತಂದೆತಾಯಿ ಸತ್ತ ಮೇಲೆ ಅವನನ್ನು ಸಾಕುವ ಅಣ್ಣಂದಿರು, ಕೈತಪ್ಪಿ ಕೊಲೆ ಮಾಡಿದ ಗೆಳೆಯ ಜಾನಿ: ಇವರನ್ನು ಓದಿದ ಹುಡುಗರಿಗೆ ತಮ್ಮ ಬೀದಿಯವರನ್ನೇ ಕಂಡಂತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಪುಸ್ತಕ ವಿಭಾಗದಲ್ಲಿ ಹಿಂಟನ್ ಒಂದು ಲೇಖನ ಬರೆದು, ಹದಿಹರೆಯದವರು ನಿಜವಾದ ಮನುಷ್ಯರೆಂಬುದನ್ನು ಅವರಿಗಾಗಿ ಬರೆಯುವವರು ಮರೆಯಬಾರದೆಂದು ವಾದಿಸಿದಳು.

ಓದಿದ ಪುಸ್ತಕಗಳನ್ನು ಕುರಿತು ಒಬ್ಬ ಹುಡುಗಿಗೆ ಉಂಟಾದ ಅತೃಪ್ತಿಯೇ ಈ ಕಾದಂಬರಿಯ ಬೀಜ. 'ಇದು ನನಗೆ ಹಿಡಿಸಲಿಲ್ಲ' ಎಂದು ಮಗುವೊಂದು ಹೇಳಿದಾಗ ಹಿರಿಯರು ಅದನ್ನು ಸೋಮಾರಿತನವೆಂದು ತಿಳಿಯುವುದುಂಟು. ಕೆಲವೊಮ್ಮೆ ಅದು ಮುಂದಿನ ಪುಸ್ತಕದ ಮೊದಲ ವಾಕ್ಯವಾಗಿರುತ್ತದೆ.

ಫ್ರೆಸ್ನೋದಿಂದ ಹೋದ ಪತ್ರ

ಹಿಂಟನ್ನಳ ಕಾದಂಬರಿಗೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಕ್ಯಾಲಿಫೋರ್ನಿಯ ಪ್ರಾಂತದ ಫ್ರೆಸ್ನೋ ನಗರದ ಲೋನ್ ಸ್ಟಾರ್ ಶಾಲೆಯಲ್ಲಿ ಜೋ ಎಲೆನ್ ಮಿಸಾಕಿಯನ್ ಎಂಬವರು ಗ್ರಂಥಪಾಲಿಕೆಯಾಗಿದ್ದರು. ಬೇರೆ ಪುಸ್ತಕಗಳತ್ತ ತಿರುಗಿ ನೋಡದ ಹುಡುಗರೂ 'ದಿ ಔಟ್‌ಸೈಡರ್ಸ್' ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದುದನ್ನು ಅವರು ಗಮನಿಸಿದರು. ಇದು ಸಿನಿಮಾ ಆಗಬೇಕು ಎಂಬ ಮಾತು ಹುಡುಗರ ನಡುವೆ ಹುಟ್ಟಿತು. ಯಾರು ತೆಗೆದರೆ ಚೆನ್ನ? ಕುದುರೆ ಮತ್ತು ಹುಡುಗನ ಸ್ನೇಹವನ್ನು ಚಿತ್ರಿಸಿದ 'ದಿ ಬ್ಲ್ಯಾಕ್ ಸ್ಟಾಲಿಯನ್' ಚಿತ್ರ ೧೯೭೯ರಲ್ಲಿ ಬಂದಿತ್ತು. ಅದರ ನಿರ್ಮಾಣದ ಹೊಣೆ ಹೊತ್ತವರು 'ದಿ ಗಾಡ್‌ಫಾದರ್' ಖ್ಯಾತಿಯ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಅವರೇ ಸರಿ ಎಂದು ತೀರ್ಮಾನವಾಯಿತು.

೧೯೮೦ರಲ್ಲಿ ಗ್ರಂಥಪಾಲಿಕೆ ಕೊಪ್ಪೊಲಾ ಅವರಿಗೆ ಪತ್ರ ಬರೆದು, ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳ ಸಹಿಯನ್ನೂ ಪುಸ್ತಕದ ಒಂದು ಪ್ರತಿಯನ್ನೂ ಜೊತೆಗೆ ಕಳುಹಿಸಿದರು. ಹಾಲಿವುಡ್ಡಿನ ದೊಡ್ಡ ನಿರ್ದೇಶಕರಿಗೆ ಬರುವ ಪತ್ರಗಳಿಗೆ ಲೆಕ್ಕವುಂಟೆ? ಆದರೆ ಈ ಪತ್ರ ಕಸದ ಬುಟ್ಟಿ ಸೇರಲಿಲ್ಲ. ಕೊಪ್ಪೊಲಾ ಅವರ ಸಹ ನಿರ್ಮಾಪಕರು ಪುಸ್ತಕವನ್ನು ಓದಿದರು. ಹುಡುಗರು ಹೇಳಿದ್ದು ಸರಿ ಎನ್ನಿಸಿತು. ಟಲ್ಸಾ ಊರಿನಲ್ಲಿಯೇ ಚಿತ್ರೀಕರಣ ನಡೆದು ೧೯೮೩ರ ಮಾರ್ಚಿನಲ್ಲಿ ಚಿತ್ರ ತೆರೆಗೆ ಬಂದಿತು. ಮುಂದೆ ಜಗದ್ವಿಖ್ಯಾತರಾದ ಟಾಮ್ ಕ್ರೂಸ್, ಪ್ಯಾಟ್ರಿಕ್ ಸ್ವೇಜಿ, ಮ್ಯಾಟ್ ಡಿಲನ್ ಇದರಲ್ಲಿ ಎಳೆಯ ಮುಖಗಳು. ಮೊದಲು ಸೂಚಿಸಿದವರು ಇವರೆಂದು ಹೇಳಿ ಚಿತ್ರವನ್ನು ಆ ಗ್ರಂಥಪಾಲಿಕೆಗೂ ಶಾಲೆಯ ವಿದ್ಯಾರ್ಥಿಗಳಿಗೂ ಅರ್ಪಿಸಲಾಯಿತು. ೨೦೦೫ರಲ್ಲಿ ಕೊಪ್ಪೊಲಾ ಆ ಚಿತ್ರಕ್ಕೆ ಬಿಟ್ಟುಹೋಗಿದ್ದ ದೃಶ್ಯಗಳನ್ನು ಸೇರಿಸಿ ಮತ್ತೊಮ್ಮೆ ಹೊರತಂದರು. ೨೦೨೪ರಲ್ಲಿ ಇದೇ ಕಥೆಯ ಸಂಗೀತ ನಾಟಕಕ್ಕೆ ನ್ಯೂಯಾರ್ಕಿನ ರಂಗಭೂಮಿಯ ಶ್ರೇಷ್ಠ ಗೌರವವಾದ ಟೋನಿ ಪ್ರಶಸ್ತಿ ಸಂದಿತು.

ಇಲ್ಲಿ ಗ್ರಂಥಪಾಲಿಕೆ ಮಾಡಿದ ಕೆಲಸವನ್ನು ಸರಿಯಾಗಿ ನೋಡಬೇಕು. ಅವರು ಹುಡುಗರಿಗೆ ಪುಸ್ತಕದ ಸಾರಾಂಶ ಬರೆಯಲು ಹೇಳಲಿಲ್ಲ. ಅವರ ಉತ್ಸಾಹವನ್ನು ಕಂಡು, ಅದಕ್ಕೊಂದು ವಿಳಾಸ ಹುಡುಕಿಕೊಟ್ಟರು.

ದೂರವಾಣಿಯ ಗಂಟೆ

ಅಭಿಪ್ರಾಯವೆಂದರೆ ಮೆಚ್ಚುಗೆಯೊಂದೇ ಆಗಬೇಕಾಗಿಲ್ಲ. ಓದುಗರನ್ನು ಕದಡಿ, ಎರಡು ಪಕ್ಷ ಮಾಡಿ ಜಗಳವಾಡಿಸುವ ಪುಸ್ತಕಗಳೂ ಇವೆ. ಮೆಸಾಚುಸೆಟ್ಸ್ ಪ್ರಾಂತದ ಪತ್ರಿಕಾ ಬರಹಗಾರ ರಾಬರ್ಟ್ ಕಾರ್ಮಿಯರ್ ೧೯೭೪ರಲ್ಲಿ ಪ್ರಕಟಿಸಿದ 'ದಿ ಚಾಕೊಲೆಟ್ ವಾರ್' ಅಂಥದು. ಅದರ ಮೂಲ ಒಂದು ಸಾಧಾರಣ ಸಂಗತಿ. ಶಾಲೆಯ ನಿಧಿಗಾಗಿ ಚಾಕೊಲೆಟ್ ಮಾರಬೇಕೆಂದು ಅವರ ಮಗನಿಗೆ ಹೇಳಿದ್ದರು, ಹುಡುಗ ಒಲ್ಲೆನೆಂದ, ಮಾರದೆ ಹಿಂದಿರುಗಿಸಿದ. ಅವನಿಗೆ ಏನೂ ತೊಂದರೆಯಾಗಲಿಲ್ಲ. ಆದರೆ ತಂದೆಯ ಮನಸ್ಸಿನಲ್ಲಿ 'ಒಂದು ವೇಳೆ ಆಗಿದ್ದರೆ?' ಎಂಬ ಪ್ರಶ್ನೆ ಉಳಿಯಿತು. ಕಾದಂಬರಿಯ ಜೆರ್ರಿ ಎಂಬ ಹುಡುಗ ಹಾಗೆಯೇ ಒಲ್ಲೆನೆನ್ನುತ್ತಾನೆ. ಇಡೀ ಶಾಲೆ ಅವನ ಮೇಲೆ ತಿರುಗಿಬೀಳುತ್ತದೆ. ಕೊನೆಗೆ ಅವನು ಸೋಲುತ್ತಾನೆ. ಇಷ್ಟು ಕತ್ತಲಿನ ಮುಕ್ತಾಯ ಹುಡುಗರಿಗೆ ತಗದೆಂದು ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಕಾರ್ಮಿಯರ್ ಮುಕ್ತಾಯವನ್ನು ಬದಲಿಸಲಿಲ್ಲ.

ಈ ಕಥೆಯನ್ನು ಓದಿದ ಹುಡುಗರಲ್ಲಿ ಒಬ್ಬ 'ಜೆರ್ರಿ ಸೋತ, ಆದ್ದರಿಂದ ಎದುರಿಸುವುದು ವ್ಯರ್ಥ' ಎಂದಾನು. ಮತ್ತೊಬ್ಬ 'ಅವನ ಪಕ್ಕದಲ್ಲಿ ನಾಲ್ಕು ಜನ ನಿಂತಿದ್ದರೆ ಸೋಲುತ್ತಿರಲಿಲ್ಲ. ತಪ್ಪು ನಿಲ್ಲದವರದು' ಎಂದಾನು. ಪುಸ್ತಕ ಒಂದೇ. ಮೊದಲನೆಯವನು ತನ್ನ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳದಿದ್ದರೆ, ಎರಡನೆಯವನ ಮಾತು ಅವನ ಕಿವಿಗೆ ಬೀಳುವುದೇ ಇಲ್ಲ. ನಿರಾಶೆಯನ್ನೇ ಪುಸ್ತಕದ ತೀರ್ಪೆಂದು ನಂಬಿ ಅವನು ಮಲಗಿಬಿಡುತ್ತಾನೆ.

ಅದೇ ಕಾರ್ಮಿಯರ್ ೧೯೭೭ರ 'ಐ ಆಮ್ ದಿ ಚೀಸ್' ಕಾದಂಬರಿಯಲ್ಲಿ ಏಮಿ ಎಂಬ ಹುಡುಗಿಯ ದೂರವಾಣಿ ಸಂಖ್ಯೆಯನ್ನು ಕೊಡಬೇಕಾಗಿ ಬಂದಾಗ ತಮ್ಮ ಮನೆಯ ನಿಜವಾದ ಸಂಖ್ಯೆಯನ್ನೇ ಬರೆದರು. ಫಲವೇನಾಯಿತೆಂದು ಊಹಿಸಬಹುದು. ಓದಿದ ಹುಡುಗರು ಹುಡುಗಿಯರು ವರ್ಷಗಟ್ಟಲೆ ಆ ಸಂಖ್ಯೆಗೆ ಕರೆ ಮಾಡಿ ಏಮಿಯನ್ನು ಕೇಳುತ್ತಿದ್ದರು. ಮನೆಯವರು ಬೇಸರಿಸದೆ ಉತ್ತರ ಕೊಡುತ್ತಿದ್ದರು. ಕಾರ್ಮಿಯರ್ ಆ ಎಳೆಯರೊಡನೆ ಕಥೆಯ ವಿಷಯ ಮಾತನಾಡುತ್ತಿದ್ದರು.

ಜೂಡಿ ಬ್ಲೂಮ್ ಎಂಬ ಲೇಖಕಿಯ ಅನುಭವವೂ ಇಂಥದೇ. ೧೯೭೦ರಲ್ಲಿ ಬಂದ ಆಕೆಯ 'ಆರ್ ಯು ದೇರ್ ಗಾಡ್? ಇಟ್ಸ್ ಮಿ, ಮಾರ್ಗರೆಟ್' ಕಾದಂಬರಿ ಬೆಳೆಯುವ ಹುಡುಗಿಯ ದೇಹದ ಬದಲಾವಣೆ, ದೇವರನ್ನು ಕುರಿತ ಗೊಂದಲ ಇವೆರಡನ್ನೂ ಸಂಕೋಚವಿಲ್ಲದೆ ಹೇಳಿತು. ತಾಯಿಯ ಮುಂದೆ ಕೇಳಲಾರದ ಪ್ರಶ್ನೆಗಳನ್ನು ಹುಡುಗಿಯರು ಲೇಖಕಿಗೆ ಕಾಗದದಲ್ಲಿ ಬರೆಯತೊಡಗಿದರು, ಪತ್ರಗಳು ಸಾವಿರಗಟ್ಟಲೆಯಾದುವು. ಅವುಗಳಲ್ಲಿ ಕೆಲವನ್ನು ಆಯ್ದು ಬ್ಲೂಮ್ ೧೯೮೬ರಲ್ಲಿ 'ಲೆಟರ್ಸ್ ಟು ಜೂಡಿ' ಎಂಬ ಪುಸ್ತಕ ಮಾಡಿದರು. ಅದರ ಉದ್ದೇಶ ಸ್ಪಷ್ಟವಾಗಿತ್ತು: ಮಕ್ಕಳು ತಮಗೆ ಹೇಳುತ್ತಿರುವುದನ್ನು ಅವರ ತಂದೆತಾಯಿಗಳೂ ಕೇಳಿಸಿಕೊಳ್ಳಲಿ ಎಂಬುದು. ದೂರದ ಲೇಖಕಿಗೆ ಹೇಳಬಹುದಾದ ಮಾತು ಪಕ್ಕದ ಕೋಣೆಯ ತಾಯಿಗೆ ಏಕೆ ಹೇಳಲಾಗದು? ಈ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ.

ಓದದೆ ಕೊಟ್ಟ ತೀರ್ಪು

ಹಿರಿಯರ ಆತಂಕ ಸುಳ್ಳೆಂದು ಹೇಳಲಾಗದು. ಜೇ ಆಷರ್ ೨೦೦೭ರಲ್ಲಿ ಬರೆದ 'ಥರ್ಟೀನ್ ರೀಸನ್ಸ್ ವೈ' ಕಾದಂಬರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡ ಹುಡುಗಿಯೊಬ್ಬಳು ಅದಕ್ಕೆ ಕಾರಣರಾದವರ ವಿಷಯವನ್ನು ಧ್ವನಿಸುರುಳಿಗಳಲ್ಲಿ ಹೇಳಿಟ್ಟಿರುತ್ತಾಳೆ. ೨೦೧೭ರಲ್ಲಿ ಅದು ದೃಶ್ಯಸರಣಿಯಾಗಿ ಬಂದಾಗ ಮನೋವೈದ್ಯರು ಕಳವಳಪಟ್ಟರು. ೨೦೧೯ರಲ್ಲಿ ಸಾವಿನ ದೃಶ್ಯವನ್ನು ಸರಣಿಯಿಂದ ತೆಗೆದುಹಾಕಲಾಯಿತು. ನೊಂದ ಮನಸ್ಸಿನ ಮಗುವೊಂದು ಇಂತಹ ಕಥೆಯನ್ನು ಒಂಟಿಯಾಗಿ ಓದಿ, ಯಾರೊಡನೆಯೂ ಮಾತನಾಡದೆ ಪುಸ್ತಕ ಮುಚ್ಚಿಟ್ಟರೆ ಅಪಾಯವಿದೆ. ಆದರೆ ಅಪಾಯದ ಹೆಚ್ಚಿನ ಭಾಗ ಆ 'ಒಂಟಿಯಾಗಿ' ಎಂಬ ಮಾತಿನಲ್ಲಿದೆ. ಮನೆಯ ಹಿರಿಯರೊಬ್ಬರು ಅದೇ ಪುಸ್ತಕವನ್ನು ಓದಿ, 'ಆ ಹುಡುಗಿ ಯಾರಿಗೆ ಹೇಳಬಹುದಿತ್ತು? ಏಕೆ ಹೇಳಲಿಲ್ಲ?' ಎಂದು ಕೇಳಿದರೆ, ಕಥೆಯ ನೆಪದಲ್ಲಿ ಆಡಲಾಗದ ಮಾತೂ ಹೊರಬೀಳುತ್ತದೆ. ಪುಸ್ತಕವನ್ನು ಕಿತ್ತಿಟ್ಟರೆ ಆ ಬಾಗಿಲೂ ಮುಚ್ಚುತ್ತದೆ.

ಕಿತ್ತಿಡುವ ಉತ್ಸಾಹ ಸಾರ್ವಜನಿಕ ರೂಪ ತಾಳಿದ್ದೂ ಉಂಟು. ನ್ಯೂಯಾರ್ಕ್ ಪ್ರಾಂತದ ಐಲೆಂಡ್ ಟ್ರೀಸ್ ಶಾಲಾಮಂಡಲಿ ೧೯೭೬ರಲ್ಲಿ ಹಲವು ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಗಳಿಂದ ತೆಗೆಸಿತು. ಪೋಷಕರೂ ಶಿಕ್ಷಕರೂ ಸೇರಿದ ಸಮಿತಿಯೊಂದು ಅವುಗಳಲ್ಲಿ ಕೆಲವನ್ನು ಉಳಿಸಬಹುದೆಂದರೂ ಮಂಡಲಿ ಒಪ್ಪಲಿಲ್ಲ. ಆಗ ಹದಿನೇಳು ವರ್ಷದ ವಿದ್ಯಾರ್ಥಿ ಸ್ಟೀವನ್ ಪಿಕೊ ಮತ್ತು ಅವನ ನಾಲ್ವರು ಜೊತೆಗಾರರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ವರ್ಷಗಟ್ಟಲೆ ನಡೆದು ೧೯೮೨ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಐದಕ್ಕೆ ನಾಲ್ಕು ಮತಗಳಿಂದ ವಿದ್ಯಾರ್ಥಿಗಳ ಪರವಾಯಿತು. ಗೆದ್ದ ಪಕ್ಷದ ನ್ಯಾಯಮೂರ್ತಿಗಳೆಲ್ಲ ಒಂದೇ ಕಾರಣವನ್ನು ಒಪ್ಪದಿದ್ದರೂ, ಪುಸ್ತಕದೊಳಗಿನ ವಿಚಾರ ತಮಗೆ ಹಿಡಿಸದೆಂಬ ಒಂದೇ ಕಾರಣಕ್ಕೆ ಅದನ್ನು ಕಪಾಟಿನಿಂದ ತೆಗೆಯಬಾರದೆಂಬ ತತ್ತ್ವವನ್ನು ಅವರಲ್ಲಿ ಪ್ರಮುಖರು ಎತ್ತಿಹಿಡಿದರು.

ಆದರೂ ಆ ಜಗಳ ಮುಗಿದಿಲ್ಲ. ಪೆನ್ ಅಮೆರಿಕ ಎಂಬ ಲೇಖಕರ ಸಂಸ್ಥೆ ೨೦೨೩-೨೪ರ ಒಂದೇ ಶಾಲಾವರ್ಷದಲ್ಲಿ ಪುಸ್ತಕ ನಿಷೇಧದ ೧೦,೦೪೬ ಪ್ರಸಂಗಗಳನ್ನು ಲೆಕ್ಕಹಾಕಿತು. ಪದೇ ಪದೇ ಆಕ್ಷೇಪಕ್ಕೆ ಗುರಿಯಾದವುಗಳಲ್ಲಿ ಆಂಜಿ ಥಾಮಸ್ ೨೦೧೭ರಲ್ಲಿ ಪ್ರಕಟಿಸಿದ 'ದಿ ಹೇಟ್ ಯು ಗಿವ್' ಒಂದು. ತನ್ನ ಗೆಳೆಯ ಪೋಲೀಸನ ಗುಂಡಿಗೆ ಬಲಿಯಾದುದನ್ನು ಕಣ್ಣಾರೆ ಕಂಡ ಹದಿನಾರರ ಹುಡುಗಿ ಬಾಯಿ ತೆರೆಯಬೇಕೇ ಬೇಡವೇ ಎಂಬುದೇ ಅದರ ಕಥೆ. ಬಾಯಿ ತೆರೆಯುವ ಹುಡುಗಿಯ ಕಥೆಯನ್ನು ಹುಡುಗಿಯರ ಕೈಗೆ ಸಿಗದಂತೆ ಮಾಡುವುದರಲ್ಲಿರುವ ವಿಪರ್ಯಾಸವನ್ನು ವಿವರಿಸಬೇಕಾಗಿಲ್ಲ.

ಇಂದಿನ ಓದು, ಇಂದಿನ ಮಾತು

ಇಂದಿನ ಎಳೆಯರ ಕೈಯಲ್ಲಿರುವ ಪುಸ್ತಕಗಳ ವಿಷಯದಲ್ಲಿಯೂ ಮಾತಿನ ಶಕ್ತಿ ಕುಂದಿಲ್ಲ. ಸುಜಾನ್ ಕಾಲಿನ್ಸ್ ೨೦೦೮ರಲ್ಲಿ ಆರಂಭಿಸಿದ 'ದಿ ಹಂಗರ್ ಗೇಮ್ಸ್' ಕಥಾಮಾಲೆಗೆ ೨೦೨೫ರ ಮಾರ್ಚಿನಲ್ಲಿ 'ಸನ್‌ರೈಸ್ ಆನ್ ದಿ ರೀಪಿಂಗ್' ಎಂಬ ಹೊಸ ಕಾದಂಬರಿ ಸೇರಿತು. ಹನ್ನೆರಡು ಸೀಮೆಗಳಿಂದ ಇಬ್ಬಿಬ್ಬರಂತೆ ಮಕ್ಕಳನ್ನು ಆರಿಸಿ, ಒಬ್ಬರು ಉಳಿಯುವತನಕ ಪರಸ್ಪರ ಕೊಲ್ಲುವಂತೆ ಮಾಡಿ, ಅದನ್ನು ದೂರದರ್ಶನದಲ್ಲಿ ಮನರಂಜನೆಯಾಗಿ ತೋರಿಸುವ ಕ್ರೂರ ರಾಜ್ಯವೊಂದರ ಕಥೆ ಇದು. ಬರಿಯ ಸಾಹಸಕಥೆಯೆಂದು ಇದನ್ನು ತಳ್ಳಿಹಾಕಿದ ಹಿರಿಯರು ಉಂಟು. ಆದರೆ ೨೦೧೪ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರವನ್ನು ಕಿತ್ತುಕೊಂಡಾಗ ಅಲ್ಲಿನ ತರುಣರು ಈ ಕಥೆಯಿಂದಲೂ ಅದರ ಚಿತ್ರಗಳಿಂದಲೂ ಕಲಿತ ಮೂರು ಬೆರಳಿನ ವಂದನೆಯನ್ನು ಪ್ರತಿಭಟನೆಯ ಗುರುತಾಗಿ ಎತ್ತಿಹಿಡಿದರು. ಅದಕ್ಕಾಗಿ ಬಂಧನಕ್ಕೂ ಒಳಗಾದರು. ೨೦೨೧ರಲ್ಲಿ ಮಯನ್ಮಾರಿನ ಬೀದಿಗಳಲ್ಲಿಯೂ ಅದೇ ಮೂರು ಬೆರಳು ಕಾಣಿಸಿಕೊಂಡವು. ಮಾತನಾಡಲು ಬಿಡದ ಕಡೆ ಓದುಗರು ತಮ್ಮ ಅಭಿಪ್ರಾಯವನ್ನು ಬೆರಳಿನಿಂದ ಹೇಳಿದರು.

ಇ. ಲಾಕ್‌ಹಾರ್ಟ್ ೨೦೧೪ರಲ್ಲಿ ಬರೆದ 'ವಿ ವರ್ ಲಯರ್ಸ್' ಕಾದಂಬರಿಯ ಕಥೆ ಬೇರೊಂದು ಬಗೆಯದು. ಪ್ರಕಟವಾಗಿ ಆರು ವರ್ಷಗಳ ಮೇಲೆ ಅದು ಮತ್ತೆ ಹೆಚ್ಚು ಮಾರಾಟವಾಗುವ ಪುಸ್ತಕಗಳ ಸಾಲಿಗೆ ಬಂದಿತು. ಕಾರಣ, ಎಳೆಯ ಓದುಗರು ಅದನ್ನು ಓದಿ ಕಣ್ಣೀರಿಡುತ್ತ ಮಾಡಿದ ಪುಟ್ಟ ಪುಟ್ಟ ಚಲಚ್ಚಿತ್ರಗಳು. ಅವು ಟಿಕ್‌ಟಾಕ್ ಮೂಲಕ ಲಕ್ಷಾಂತರ ಜನರನ್ನು ಮುಟ್ಟಿದವು. ಭಾರತದಲ್ಲಿ ಆ ಸಾಧನಕ್ಕೆ ೨೦೨೦ರ ಜೂನ್ ತಿಂಗಳಿನಲ್ಲಿ ನಿಷೇಧ ಬಿದ್ದರೂ ಅಂತಹ ಮಾತುಕತೆ ಬೇರೆ ಹಾದಿಗಳಲ್ಲಿ ನಡೆದೇ ಇದೆ. ಓದಿದ ಸಂತೋಷವನ್ನು ಹಂಚಿಕೊಳ್ಳಬೇಕೆಂಬ ಈ ತವಕ ಒಳ್ಳೆಯದೇ. ಆದರೆ 'ಅತ್ತೆ', 'ಬಲು ಚೆನ್ನಾಗಿದೆ' ಎಂಬ ಎರಡು ಮಾತುಗಳಲ್ಲಿ ಅಭಿಪ್ರಾಯ ಮುಗಿಯದು. ಏಕೆ ಅತ್ತೆ? ಯಾರಿಗಾಗಿ ಅತ್ತೆ? ಲೇಖಕರು ಅಳಿಸಲೆಂದೇ ಹೂಡಿದ ಉಪಾಯಕ್ಕೆ ಸಿಕ್ಕಿ ಅತ್ತೆಯೋ, ನಿಜವಾದ ದುಃಖವನ್ನು ಕಂಡು ಅತ್ತೆಯೋ? ಇಷ್ಟು ಕೇಳಿಕೊಂಡಾಗ ಅಭಿಪ್ರಾಯಕ್ಕೆ ಬೇರು ಬರುತ್ತದೆ. ಆ ಪ್ರಶ್ನೆಗಳನ್ನು ಕೇಳುವುದಕ್ಕೆ ಎದುರಿಗೆ ಇನ್ನೊಂದು ಜೀವ ಬೇಕು.

ಜಾನ್ ಗ್ರೀನ್ ೨೦೧೨ರಲ್ಲಿ ಬರೆದ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಕಾದಂಬರಿಯಲ್ಲಿ ಈ ಸಂಗತಿಯೇ ಕಥೆಯ ತಿರುಳಾಗಿದೆ. ೨೦೨೦ರಲ್ಲಿ ಬಂದ 'ದಿಲ್ ಬೇಚಾರಾ' ಎಂಬ ಹಿಂದೀ ಚಿತ್ರದ ಮೂಲ ಇದು. ಕ್ಯಾನ್ಸರಿನಿಂದ ನರಳುವ ಹದಿನಾರರ ಹೇಜ಼ಲ್ ತನಗೆ ಪ್ರಾಣಪ್ರಿಯವಾದ ಕಾದಂಬರಿಯೊಂದನ್ನು ಗೆಳೆಯ ಅಗಸ್ಟಸ್ ಕೈಗೆ ಕೊಡುತ್ತಾಳೆ. ಆ ಕಾದಂಬರಿ ಅರ್ಧವಾಕ್ಯದಲ್ಲಿ ನಿಂತುಹೋಗಿದೆ. ಆಮೇಲೆ ಆ ಕಥೆಯ ತಾಯಿಗೆ ಏನಾಯಿತು? ಇದನ್ನು ಲೇಖಕನನ್ನೇ ಕೇಳಲು ಇಬ್ಬರೂ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾರೆ. ಹೇಜ಼ಲ್ ನಿಜವಾಗಿ ಕೇಳುತ್ತಿರುವುದು ತಾನು ಸತ್ತ ಮೇಲೆ ತನ್ನ ತಾಯಿಗೆ ಏನಾಗುತ್ತದೆಂದು. ಆ ಪ್ರಶ್ನೆಯನ್ನು ನೇರವಾಗಿ ಕೇಳುವುದು ಅವಳಿಂದಾಗದು. ಪುಸ್ತಕದ ಪಾತ್ರವನ್ನು ಮುಂದಿಟ್ಟುಕೊಂಡು ಕೇಳುವುದು ಸಾಧ್ಯ. ಹದಿಹರೆಯದವರು ಕಾದಂಬರಿಯ ವಿಷಯ ಮಾತನಾಡುವಾಗ ಅದರ ಹಿಂದೆ ಎಷ್ಟೋ ಸಲ ಇಂತಹ ಇನ್ನೊಂದು ಮಾತು ಅಡಗಿರುತ್ತದೆ.

ಕನ್ನಡದ ಕಪಾಟು

ಕನ್ನಡದಲ್ಲಿ ಹದಿಹರೆಯದ ಕಾದಂಬರಿಗೆ ಪುಸ್ತಕದಂಗಡಿಗಳಲ್ಲಿ ಬೇರೆ ಕಪಾಟು ಕಾಣುವುದು ಅಪರೂಪ. ಕೇಂದ್ರ ಸಾಹಿತ್ಯ ಅಕಾಡೆಮಿ ೨೦೧೦ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕನ್ನಡಕ್ಕೂ ನೀಡುತ್ತ ಬಂದಿರುವುದು ಸಂತೋಷದ ಸಂಗತಿ. ಆದರೆ ಮಕ್ಕಳ ಪುಸ್ತಕಕ್ಕೂ ದೊಡ್ಡವರ ಪುಸ್ತಕಕ್ಕೂ ನಡುವಣ ಹೊಸ್ತಿಲಿನಲ್ಲಿ ನಿಂತವರು ತಮ್ಮ ದಾರಿಯನ್ನು ಬಹುಮಟ್ಟಿಗೆ ತಾವೇ ಹುಡುಕಿಕೊಳ್ಳಬೇಕಾಗಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ೧೯೮೦ರಲ್ಲಿ ಪ್ರಕಟವಾದಾಗ ಅದರ ಮೇಲೆ ಯಾವ ವಯಸ್ಸಿನ ಚೀಟಿಯೂ ಇರಲಿಲ್ಲ. ಆದರೂ ಹಾರುವ ಓತಿಯನ್ನು ಹುಡುಕುತ್ತ ಕಾಡು ಹೊಕ್ಕವರ ಆ ಕಥೆ ಎಳೆಯರ ಕೈಯಲ್ಲಿ ಹೊಸ ಜೀವ ಪಡೆಯುತ್ತದೆ. ಮಂದಣ್ಣ ಪೆದ್ದನೋ, ವಿಜ್ಞಾನಿಗೇ ಕಣ್ಣಾದ ಜಾಣನೋ? ಇಬ್ಬರು ಹುಡುಗರ ನಡುವೆ ಈ ಪ್ರಶ್ನೆಯನ್ನು ಇಟ್ಟರೆ ಸಾಕು, ಒಂದು ಸಂಜೆ ಕಳೆಯುತ್ತದೆ. ಶಾಲೆಯ ಅಂಕಗಳಿಂದ ಮನುಷ್ಯನನ್ನು ಅಳೆಯುವ ಪದ್ಧತಿಯೂ ಆ ಚರ್ಚೆಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಓದಿದವರೊಬ್ಬರ ಮಾತಿಗೆ ಎಷ್ಟು ಬೆಲೆಯೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವುಂಟು. ಆರ್. ಕೆ. ನಾರಾಯಣರ ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರ ಹಿಂದೊಬ್ಬರು ತಿರಸ್ಕರಿಸಿದರು. ಬೇಸತ್ತ ನಾರಾಯಣರು, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡುವಂತೆ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣರಿಗೆ ಬರೆದರು. ಪೂರ್ಣರು ಎಸೆಯಲಿಲ್ಲ, ಗ್ರಹಾಂ ಗ್ರೀನ್ ಎಂಬ ಲೇಖಕರ ಕೈಗೆ ಕೊಟ್ಟರು. ಗ್ರೀನ್ ಓದಿ ಮೆಚ್ಚಿ ಪ್ರಕಾಶಕರಿಗೆ ಹೇಳಿದರು. ೧೯೩೫ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬೆಳಕು ಕಂಡಿತು. ಅರ್ಧ ಶತಮಾನದ ಮೇಲೆ ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಮಾಲ್ಗುಡಿಯ ಕಥೆಗಳ ಮೂಲಕ ಸ್ವಾಮಿ ಮನೆಮನೆಗೂ ಬಂದ. ಇಷ್ಟಕ್ಕೂ ಮೂಲ, ಒಬ್ಬ ಗೆಳೆಯ 'ಇದನ್ನು ನೀವು ಓದಿ ನೋಡಿ' ಎಂದು ಇನ್ನೊಬ್ಬರಿಗೆ ಹೇಳಿದ ಮಾತು.

ಮನೆಯಲ್ಲಿ ಹೀಗೆ ಮಾತು ಹುಟ್ಟಿಸಲು ಪಾಂಡಿತ್ಯ ಬೇಕಿಲ್ಲ. ಕಥೆಯ ನೀತಿಯೇನು ಎಂದು ಕೇಳಿದರೆ ಹುಡುಗರು ಪಾಠಶಾಲೆಯ ಉತ್ತರವನ್ನೇ ಒಪ್ಪಿಸುತ್ತಾರೆ. 'ಯಾರ ಮೇಲೆ ಸಿಟ್ಟು ಬಂತು?' ಎಂದು ಕೇಳಿದರೆ ಅವರದೇ ಆದ ಉತ್ತರ ಬರುತ್ತದೆ. 'ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂದರೆ ಇನ್ನೂ ಒಳಗಿನದು ಹೊರಬರುತ್ತದೆ. ಪುಸ್ತಕ ಹಿಡಿಸಲಿಲ್ಲವೆಂದು ಹೇಳುವ, ಅರ್ಧಕ್ಕೆ ನಿಲ್ಲಿಸುವ ಅಧಿಕಾರವನ್ನೂ ಅವರಿಗೆ ಬಿಟ್ಟುಕೊಡಬೇಕು. ಫ್ರಾನ್ಸಿನ ಲೇಖಕ ಹಾಗೂ ಉಪಾಧ್ಯಾಯ ಡೇನಿಯಲ್ ಪೆನಾಕ್ ೧೯೯೨ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿಮಾಡಿದಾಗ, ಮುಗಿಸದೆ ಬಿಡುವ ಹಕ್ಕನ್ನೂ ಸೇರಿಸಿದ್ದರು. ಇಷ್ಟರ ಮೇಲೆ ಹಿರಿಯರು ಪಾಲಿಸಬೇಕಾದ ನಿಯಮ ಒಂದೇ, ಅದು ಬಾಲ್ಟಿಮೋರಿನ ಆ ಗ್ರಂಥಪಾಲಿಕೆಯದು: ತಾವು ಓದದ ಪುಸ್ತಕದ ಮೇಲೆ ತೀರ್ಪು ಕೊಡಬಾರದು.

ಹದಿನೈದು ವರ್ಷದ ಮಗಳೊಬ್ಬಳು ತಾನು ಓದಿ ಮುಗಿಸಿದ ಪುಸ್ತಕವನ್ನು ತಾಯಿಯ ಮುಂದಿಟ್ಟು 'ಅಮ್ಮ, ನೀನೂ ಇದನ್ನು ಓದು' ಎನ್ನುವುದು ದಿನನಿತ್ಯ ನಡೆಯುವ ಸಂಗತಿಯಲ್ಲ. ಅಡಿಗೆ, ಕಛೇರಿ, ನೆಂಟರು ಎಂಬ ನೆಪ ಹೇಳಿ ಅದನ್ನು ಮುಂದಕ್ಕೆ ತಳ್ಳುವುದು ಸುಲಭ. ಎರಡು ಸಲ ತಳ್ಳಿದರೆ ಮೂರನೆಯ ಸಲ ಅವಳು ಪುಸ್ತಕವನ್ನು ಗೆಳತಿಗೆ ಕೊಡುತ್ತಾಳೆ. ಮಾತೂ ಅಲ್ಲಿಗೇ ಹೋಗುತ್ತದೆ.